ಕೀಬೋರ್ಡ್ ಸ್ವಲ್ಪ ಕಾಯಲಿ

ಕೈ ನಡುಗುವವರು ಒಂದು ಅಕ್ಷರ ಒತ್ತಲು ಹೋದರೆ ಪರದೆಯ ಮೇಲೆ ಅದೇ ಅಕ್ಷರ ನಾಲ್ಕೈದು ಸಲ ಬೀಳುತ್ತದೆ. ದಾರಿಯಲ್ಲಿ ಪಕ್ಕದ ಕೀ ತಾಗಿದರೆ ಅದೂ ಬೀಳುತ್ತದೆ. ಇದು ಬೆರಳಿನ ತಪ್ಪಲ್ಲ. ಬೆರಳು ಎಷ್ಟು ಬೇಗ ಒತ್ತಿ ಮೇಲೇಳುತ್ತದೆ ಅಂತ ಕಂಪ್ಯೂಟರ್ ಮೊದಲೇ ಒಂದು ಲೆಕ್ಕ ಹಾಕಿಕೊಂಡಿರುತ್ತದೆ. ಆ ಲೆಕ್ಕ ಎಲ್ಲರ ಕೈಗೂ ಹೊಂದುವುದಿಲ್ಲ.

ಅದನ್ನು ಬದಲಿಸಲು ಹೊಸ ಕೀಬೋರ್ಡ್ ಬೇಕಾಗಿಲ್ಲ. ವಿಂಡೋಸ್‌ನಲ್ಲಿ ಫಿಲ್ಟರ್ ಕೀಸ್ ಅನ್ನುವ ಸೌಲಭ್ಯ ಆನ್ ಮಾಡಿ, ಇಷ್ಟು ಹೊತ್ತು ಒತ್ತಿ ಹಿಡಿದರೆ ಮಾತ್ರ ಅಕ್ಷರ ಮೂಡಲಿ ಅಂತ ಹೇಳಬಹುದು. ಆಗ ಸುಮ್ನೆ ತಾಗಿದ ಕೀಗಳಿಗೆ ಬೆಲೆ ಇರುವುದಿಲ್ಲ. ಒಂದೇ ಕೀ ಬೆನ್ನುಬೆನ್ನಿಗೆ ಒತ್ತಿಹೋದರೆ ಮೊದಲನೆಯದನ್ನು ಮಾತ್ರ ತೆಗೆದುಕೊಳ್ಳುವಂತೆಯೂ ಹೊಂದಿಸಬಹುದು.

ಒಂದೇ ಕೈಯಲ್ಲಿ, ಇಲ್ಲವೇ ಬಾಯಲ್ಲಿ ಹಿಡಿದ ಕಡ್ಡಿಯಿಂದ ಟೈಪ್ ಮಾಡುವವರ ತೊಂದರೆ ಬೇರೆ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ಅಂದರೆ ಅವರೇನು ಮಾಡಬೇಕು? ಸ್ಟಿಕಿ ಕೀಸ್ ಅನ್ನುವ ಸೌಲಭ್ಯ ಆನ್ ಇದ್ದರೆ ಒಂದಾದ ಮೇಲೊಂದು ಒತ್ತಿದರೆ ಸಾಕು. ಶಿಫ್ಟ್ ಐದು ಸಲ ಒತ್ತಿದಾಗ ಒಂದು ಪ್ರಶ್ನೆ ಎದ್ದು ಬರುತ್ತದಲ್ವಾ, ಅದು ಇದರದ್ದೇ. ಎಷ್ಟೋ ಜನ ಕಿರಿಕಿರಿ ಅಂತ ಅದನ್ನು ಮುಚ್ಚಿಬಿಡುತ್ತಾರೆ. ಈ ಸೌಲಭ್ಯ ಇಲ್ಲದೆ ಕೀಬೋರ್ಡ್‌ನಲ್ಲಿ ಪಾಸ್‌ವರ್ಡ್‌ನ @ ಥರದ ಒಂದು ಚಿಹ್ನೆಯನ್ನೂ ಹೊಡೆಯಲಾಗದವರಿದ್ದಾರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರೇಸ್ ಸೆಂಟರ್‌ನಲ್ಲಿ ಇಂಥವುಗಳ ಮೇಲೆ ಕೆಲಸ ನಡೆಯಿತು. ವಿಂಡೋಸ್ 95ರಿಂದ ಇವು ಕಂಪ್ಯೂಟರ್‌ನೊಳಗೇ ಬರುತ್ತಿವೆ. ಕೈ ಊರಲು ಆಧಾರ ಬೇಕಿದ್ದರೆ ಕೀಗಾರ್ಡ್ ಇದೆ: ಪ್ರತಿ ಕೀಯ ಮೇಲೂ ತೂತಿರುವ ಗಟ್ಟಿ ಹಲಗೆ.

ಕಣ್ಣಿನ ವಿಷಯಕ್ಕೆ ಬಂದರೆ, ಮಸುಕಾಗಿ ಕಾಣುವವರಿಗೆ ಹಳದಿ ಕೀ ಮೇಲೆ ದಪ್ಪ ಕಪ್ಪಕ್ಷರ ಇದ್ದರೆ ತುಂಬಾ ಸಹಾಯ. ಏನೂ ಕಾಣದವರಿಗೆ ಇದರಿಂದ ಲಾಭವಿಲ್ಲ. ಅವರಿಗೆ ಎಫ್ ಮತ್ತು ಜೆ ಕೀಗಳ ಮೇಲಿನ ಪುಟ್ಟ ಉಬ್ಬುಗಳೇ ದಿಕ್ಕು. ಒತ್ತಿದ್ದು ಏನು ಅಂತ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ದನಿಯಲ್ಲಿ ಓದುವ ತಂತ್ರಾಂಶ, ಓದಿ ಹೇಳುತ್ತದೆ. ಕಣ್ಣು ಕಾಣದವರು ಯಂತ್ರದಲ್ಲಿ ಬರೆಯುವುದು ಹೊಸತೇನಲ್ಲ. 1808ರ ಸುಮಾರಿಗೆ ಇಟಲಿಯ ಪೆಲೆಗ್ರಿನೊ ತುರ್ರಿ ಒಂದು ಬರೆಯುವ ಯಂತ್ರ ಮಾಡಿದ್ದೇ ಕಣ್ಣು ಕಾಣದ ಗೆಳತಿಗಾಗಿ. ಆ ಯಂತ್ರ ಉಳಿದಿಲ್ಲ, ಆಕೆ ಬರೆದ ಪತ್ರಗಳು ಉಳಿದಿವೆ.

ಬೆರಳಿನಿಂದ ಮುಟ್ಟಿ ಓದುವ ಉಬ್ಬು ಚುಕ್ಕಿಗಳ ಲಿಪಿ ಬ್ರೈಲ್ ಬಲ್ಲವರಿಗೆ ಅಕ್ಷರ ಬರೆಯಲು ಆರೇ ಕೀ ಸಾಕು. 1951ರಲ್ಲಿ ಬಂದ ಪರ್ಕಿನ್ಸ್ ಬ್ರೈಲರ್ ಅನ್ನುವ ಬ್ರೈಲ್ ಬರೆಯುವ ಯಂತ್ರ ಹೀಗೇ ಕೆಲಸ ಮಾಡುತ್ತದೆ. ಆರು ಚುಕ್ಕಿಗೆ ಆರು ಕೀ, ಬೇಕಾದ ಚುಕ್ಕಿಗಳನ್ನೆಲ್ಲ ಒಟ್ಟಿಗೆ ಒತ್ತಿದರೆ ಒಂದು ಅಕ್ಷರ. ಸರಿಯಾದ ತಂತ್ರಾಂಶವಿದ್ದರೆ ಮಾಮೂಲಿ ಕೀಬೋರ್ಡ್‌ನ ಎಸ್, ಡಿ, ಎಫ್, ಜೆ, ಕೆ, ಎಲ್ ಕೀಗಳಲ್ಲೂ ಹೀಗೆ ಬರೆಯಬಹುದು. ಆದರೆ ಇಲ್ಲಿ ಅನುಕೂಲ ಮಾಡಿಕೊಟ್ಟ 'ಒಟ್ಟಿಗೆ ಒತ್ತುವುದು' ಒಂದೇ ಕೈ ಇರುವವರಿಗೆ ಮತ್ತೆ ಅಡ್ಡಿ. ಕಣ್ಣೂ ಕಾಣದೆ, ಒಂದೇ ಕೈ ಆಡುವವರೂ ಇರುತ್ತಾರೆ. ಅದಕ್ಕೇ ಕೆಲವು ಬ್ರೈಲ್ ಸಾಧನಗಳಲ್ಲಿ ಒಂದು ಕೈಯ ಮೋಡ್ ಇಟ್ಟಿದ್ದಾರೆ. ಚುಕ್ಕಿಗಳನ್ನು ನಿಧಾನವಾಗಿ ಒಂದೊಂದೇ ಒತ್ತುತ್ತಾ ಹೋಗಬಹುದು. ಮುಗಿಯಿತು ಅಂತ ಹೇಳುವ ತನಕ ಸಾಧನ ಕಾಯುತ್ತದೆ.