ಗೆರೆ ಬೇರೆ, ಬಿರುಕು ಬೇರೆ ಸ್ವಾಮಿ

ವಾರಕ್ಕೆ ನಾಲ್ಕು ಫೋಟೋ ಆದರೂ ವಾಟ್ಸಾಪಿಗೆ ಬರುತ್ತವೆ. ಮೆಟ್ಟಿಲಿನ ಕಲ್ಲು, ಹೊಸ್ತಿಲು, ಅಡುಗೆಕಟ್ಟೆಯ ಚಪ್ಪಡಿ. ನಡುವೆ ಒಂದು ಬಿಳಿ ಗೆರೆ. ಅದರ ಸುತ್ತ ಕೆಂಪು ವೃತ್ತ. ಕೆಳಗೆ, 'ಸರ್, ಕಲ್ಲು ಒಡೆದಿದೆ. ವಾಪಸ್ ಕಳಿಸ್ಲಾ?'

ಓದಿದ್ದು ಭೂವಿಜ್ಞಾನ, ಹೊಟ್ಟೆಪಾಡು ಕಟ್ಟಡಗಳಿಗೆ ಕಲ್ಲು ಆರಿಸಿಕೊಡೋದು. ಹತ್ತರಲ್ಲಿ ಒಂಬತ್ತು ಸಲ ನನ್ನ ಉತ್ತರ ಒಂದೇ. ಒಡೆದಿಲ್ಲ. ಅದು ಗೆರೆ.

ಈ ಗೆರೆ ಲಾರಿಯಲ್ಲಿ ಬರುವಾಗ ಆದದ್ದಲ್ಲ. ಬಂಡೆ ಇನ್ನೂ ನೆಲದಡಿ ಎಷ್ಟೋ ಕಿಲೋಮೀಟರ್ ಆಳದಲ್ಲಿದ್ದಾಗ ಸೀಳಿತ್ತು. ಆ ಸೀಳಿಗೆ ಕಾದ ಶಿಲಾರಸ ನುಗ್ಗಿತು. ಹೆಚ್ಚಾಗಿ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಅನ್ನೋ ಖನಿಜಗಳಾಗುವಂಥ ರಸ. ನಿಧಾನವಾಗಿ ಆರುತ್ತಾ ಹರಳು ಕಟ್ಟಿತು. ಅಂಚಿಗೆ ಭೂತಗನ್ನಡಿ ಹಿಡಿದು ನೋಡಿ. ಗೆರೆಯ ಹರಳು ಪಕ್ಕದ ಹಳೇ ಹರಳಿನೊಳಗೆ ಹಲ್ಲು ಕಚ್ಚಿದ ಹಾಗೆ ಕೂತಿರುತ್ತದೆ. ನಡುವೆ ಸಂದು ಇರಲ್ಲ. ಅಂದರೆ ನೀವು ಬಿರುಕು ಅನ್ನುತ್ತಿರುವುದು ಕೋಟಿಗಟ್ಟಲೆ ವರ್ಷದ ಹಿಂದೆಯೇ ಮುಚ್ಚಿಹೋದ ಜಾಗ.

ನನ್ನ ಮಾತು ನಂಬಬೇಡಿ, ಲಾಲ್‌ಬಾಗಿಗೆ ಹೋಗಿ. ಕೆಂಪೇಗೌಡರ ಗೋಪುರ ಇರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಜನ ಅಲ್ಲಿ ಸೆಲ್ಫಿ ತೆಗೆದುಕೊಂಡು ಬರುತ್ತಾರೆ, ಕಾಲ ಕೆಳಗೆ ನೋಡಲ್ಲ. ಮಳೆ ಬಂದು ಬಂಡೆ ತೊಳೆದ ಮರುದಿನ ಹೋದರೆ ಇನ್ನೂ ಚೆನ್ನ. ಬೂದು, ಬಿಳಿ, ಕಪ್ಪು ಪಟ್ಟೆಗಳು ಅಲೆ ಅಲೆಯಾಗಿ ಮಡಚಿಕೊಂಡಿವೆ. ಅವುಗಳನ್ನು ಅಡ್ಡಡ್ಡ ಕತ್ತರಿಸಿಕೊಂಡು ಬಿಳಿ ಗೆರೆಗಳು ಓಡುತ್ತವೆ. ಗೆರೆ ಇದ್ದ ಕಲ್ಲೆಲ್ಲಾ ಒಡೆಯುವುದಾಗಿದ್ದರೆ ಲಾಲ್‌ಬಾಗಿನಲ್ಲಿ ಇಷ್ಟೊತ್ತಿಗೆ ಜಲ್ಲಿರಾಶಿ ಇರುತ್ತಿತ್ತು, ಅಲ್ವಾ?

ಶಾಸ್ತ್ರದ ಪ್ರಕಾರ ಲಾಲ್‌ಬಾಗಿನ ಬಂಡೆ ಗ್ರಾನೈಟೂ ಅಲ್ಲ, ನೈಸ್ (gneiss), ಅಂದರೆ ನೆಲದಾಳದ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಪಟ್ಟೆ ಪಟ್ಟೆಯಾದ ಕಲ್ಲು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಇದಕ್ಕೆ ಪೆನಿನ್ಸುಲರ್ ನೈಸ್ ಅಂತ ಹೆಸರಿಟ್ಟರು. ಅಂಗಡಿಯ 'ಬ್ಲ್ಯಾಕ್ ಗ್ರಾನೈಟ್' ಕೂಡ ಬಹುಪಾಲು ಡೋಲರೈಟ್, ಬೇರೆಯೇ ಜಾತಿ. ಈ ಜಗಳ ನಾನು ಬಿಟ್ಟು ಬಹಳ ವರ್ಷವಾಯಿತು. ಗ್ರಾನೈಟ್ ಅಂದುಕೊಳ್ಳಿ, ಪರವಾಗಿಲ್ಲ.

ಇನ್ನೊಂದು ಬೇಡಿಕೆ, 'ಎಲ್ಲಾ ಕಲ್ಲೂ ಒಂದೇ ಥರ ಇರಬೇಕು'. ವಿಧಾನಸೌಧಕ್ಕಿಂತ ದೊಡ್ಡ ಮನೆ ನೀವು ಕಟ್ಟುತ್ತಿಲ್ಲ ತಾನೆ? 1951ರಲ್ಲಿ ಅಡಿಗಲ್ಲು ಹಾಕಿ 1956ರಲ್ಲಿ ಮುಗಿಸಿದ ಆ ಕಟ್ಟಡಕ್ಕೆ ಮಲ್ಲಸಂದ್ರ, ಹೆಸರಘಟ್ಟದ ಕಡೆಯ ಬೂದುಗಲ್ಲು ತಂದರು. ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕಪ್ಪು ಕಲ್ಲು. ಮಾಗಡಿ, ರಾಮನಗರದ ಬೆಟ್ಟಗಳ ಕಲ್ಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಹೆಸರು. ರಾಮನಗರದ ಹಳೇ ಹೆಸರು ಕ್ಲೋಸ್‌ಪೇಟೆ, ಅದರಿಂದ ಬಂದದ್ದು. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಒಂದೇ ಕಟ್ಟಡದಲ್ಲಿ ಇಷ್ಟು ಅಂತರದ ಕಲ್ಲುಗಳು ತೆಪ್ಪಗೆ ಕೂತಿವೆ. ನಮಗೆ ಮಾತ್ರ ಪಕ್ಕಪಕ್ಕದ ಎರಡು ಮೆಟ್ಟಿಲಿನ ಬಣ್ಣ ಹೊಂದಲಿಲ್ಲ ಅಂತ ನಿದ್ದೆ ಬರಲ್ಲ.

ಹಾಗಾದರೆ ನಿಜವಾದ ಬಿರುಕನ್ನು ಕಂಡುಹಿಡಿಯೋದು ಹೇಗೆ? ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ನಿಮಗೆ ಗೊತ್ತೇ ಇದೆ. ಡಂಕಣ ವಿಗ್ರಹಕ್ಕೆಲ್ಲಾ ಗಂಧ ಬಳಿದ. ಎಲ್ಲಾ ಕಡೆ ಒಣಗಿತು, ಹೊಕ್ಕುಳ ಹತ್ತಿರ ಮಾತ್ರ ಹಸಿಯಾಗೇ ಉಳಿಯಿತು. ಕಥೆ ನಿಜವೋ ಅಲ್ಲವೋ, ಪರೀಕ್ಷೆ ಮಾತ್ರ ನಿಜ. ನಾನು ಗಂಧದ ಬದಲು ಒಂದು ಚೊಂಬು ನೀರು ಬಳಸುತ್ತೇನೆ. ಪಾಲಿಶ್ ಇಲ್ಲದ ಹಿಂಭಾಗಕ್ಕೆ, ನೆರಳಿನಲ್ಲಿ, ನೀರು ಹಾಕಿ ಒರೆಸಿ. ಐದು ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಕಲ್ಲೆಲ್ಲಾ ಒಣಗಿದ ಮೇಲೂ ಕೂದಲೆಳೆಯಷ್ಟು ಕಪ್ಪು ಗೀಟು ಉಳಿದರೆ, ಅದು ಬಿರುಕು. ಬಿಳಿ ಗೆರೆ ಮಿಕ್ಕ ಕಲ್ಲಿನ ಜೊತೆಗೇ ಒಣಗಿಬಿಡುತ್ತದೆ. ಕಲ್ಲುಕುಟಿಗರು ಇಷ್ಟೂ ಮಾಡಲ್ಲ. ಸುತ್ತಿಗೆಯಿಂದ ಮೆತ್ತಗೆ ಎರಡು ಬಡಿಯುತ್ತಾರೆ. ಗಟ್ಟಿ ಕಲ್ಲು ಠಣ್ ಅನ್ನುತ್ತದೆ, ಒಡಕು ಕಲ್ಲು ಲೊಟ್ಟೆ ಸದ್ದು ಮಾಡುತ್ತದೆ.

ಆದರೆ ಇವತ್ತಿನ ಪಾಲಿಶ್ ಚಪ್ಪಡಿಗೆ ನೀರಿನ ಪರೀಕ್ಷೆ ಸಾಲದು. ಬಿರುಕಿಗೆ ರೆಸಿನ್ ಅನ್ನೋ ಗಟ್ಟಿಯಾಗುವ ಅಂಟು ತುಂಬಿ ಮೇಲೆ ಹೊಳಪು ಕೊಟ್ಟಿದ್ದರೆ ನೀರು ಒಳಗೆ ಇಳಿಯುವುದೇ ಇಲ್ಲ. ಅದಕ್ಕೇ ಚಪ್ಪಡಿ ತಿರುಗಿಸಿ ನೋಡಿ ಅನ್ನೋದು. ಬೆನ್ನಿಗೆ ಬಲೆ ಅಂಟಿಸಿದ್ದರೆ ಯಾಕೆ ಅಂತ ಕೇಳಿ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ರೆಸಿನ್ ಇರುವ ಕಡೆ ಹೊಳಪೇ ಬೇರೆ.

ಒಬ್ಬರು ನಿವೃತ್ತ ಮೇಷ್ಟ್ರು, ನನಗೆ ಬಹಳ ಬೇಕಾದವರು. ಅವರ ಅಡುಗೆಕಟ್ಟೆಗೆ ಒಂದು ಬೂದು ಚಪ್ಪಡಿ ಆರಿಸಿಕೊಟ್ಟೆ. ಮೂಲೆಯಿಂದ ಮೂಲೆಗೆ ಬೆರಳು ದಪ್ಪದ ಬಿಳಿ ಗೆರೆ, ನೋಡೋಕೂ ಲಕ್ಷಣವಾಗಿತ್ತು. ಮೇಷ್ಟ್ರು, 'ಒಡಕು ಕಲ್ಲು ಮನೆಗೆ ಬೇಡಪ್ಪ' ಅಂದರು. ನಾನು ಊರಲ್ಲಿಲ್ಲದಾಗ ಹೋಗಿ ಕನ್ನಡಿಯಂಥ ಕಪ್ಪು ಚಪ್ಪಡಿ ತಂದರು, ಒಂದು ಚುಕ್ಕೆ ಇಲ್ಲ. ಸಿಂಕಿಗೆ ಕತ್ತರಿಸಿದ ಮೂರನೇ ದಿನ ಅದರ ಮೂಲೆಯಿಂದ ಗೋಡೆವರೆಗೆ ಟಪ್ ಅಂತ ಬಿಟ್ಟುಕೊಂಡಿತು. ಒಡೆದ ಅಂಚಿನಲ್ಲಿ ಹಳೇ ರೆಸಿನ್ ಮೇಣದ ಹಾಗೆ ಅಂಟಿಕೊಂಡಿತ್ತು.

ಗೆರೆ ಇದ್ದದ್ದೆಲ್ಲಾ ಒಳ್ಳೆಯದು ಅಂತ ನಾನು ಸರ್ಟಿಫಿಕೇಟ್ ಕೊಡುತ್ತಿಲ್ಲ. ಗೆರೆಯ ಉದ್ದಕ್ಕೂ ಕಾಗೆಬಂಗಾರ ಪದರ ಪದರವಾಗಿ ಇದ್ದರೆ, ಉಗುರಿಗೆ ಪುಡಿ ಬಂದರೆ, ಹುಷಾರು. ಎರಡು ಗೋಡೆಗಳ ಮೇಲೆ ಕೂರುವ ತೊಲೆಗಲ್ಲಿನ ನಡುವೆ ಅಡ್ಡ ಗೆರೆ ಬಂದರೆ ನಾನೂ ಬೇಡ ಅನ್ನುತ್ತೇನೆ. ಅದೇ ಕಲ್ಲು ನೆಲಕ್ಕೋ ಗೋಡೆಗೋ ಆದರೆ ತೊಂದರೆ ಕಡಿಮೆ. ಫೋಟೋ ನೋಡಿ ತೀರ್ಪು ಕೊಡೋದು ಕಷ್ಟ, ಕಲ್ಲಿನ ಮುಂದೆ ನಿಲ್ಲಬೇಕು. ದೇವರ ವಿಗ್ರಹದ ವಿಷಯಕ್ಕಂತೂ ನಾನು ಬಾಯಿ ಹಾಕಲ್ಲ. ಶಿಲ್ಪಿಗಳಿಗೆ ಅವರದೇ ಲೆಕ್ಕ ಇದೆ.

ಮೊನ್ನೆ ಮೇಷ್ಟ್ರ ಮನೆಗೆ ಹೋಗಿದ್ದೆ. ಆ ಬೂದು ಚಪ್ಪಡಿಯನ್ನು ಅಂಗಡಿಯವನು ಅಗ್ಗಕ್ಕೆ ಕೊಟ್ಟನಂತೆ, ಈಗ ಅಂಗಳದಲ್ಲಿ ಜಗಲಿಕಟ್ಟೆಯಾಗಿದೆ. ಮೇಷ್ಟ್ರು ಅದರ ಮೇಲೆ ಕೂತು ಪೇಪರ್ ಓದುತ್ತಿದ್ದರು. ಒಳಗೆ ಸಿಂಕಿನ ಪಕ್ಕ ಬಿರುಕಿಗೆ ಎಂ-ಸೀಲ್ ಮೆತ್ತಿದ್ದರು. 'ಕಪ್ಪು ಬಣ್ಣ ಹಚ್ಚಿಬಿಟ್ಟರೆ ಗೊತ್ತಾಗಲ್ಲ, ಅಲ್ವೇನಯ್ಯಾ?' ಅಂತ ನನ್ನನ್ನೇ ಕೇಳಿದರು.