ಗಲ್ಲಾಪೆಟ್ಟಿಗೆ ತುಂಬಿತು ಸರಿ, ಯಾರ ಗಲ್ಲಾ?

ಹಳೆಯ ಹೋಟೆಲುಗಳಲ್ಲಿ ಬಾಗಿಲ ಪಕ್ಕಕ್ಕೇ ಒಂದು ಎತ್ತರದ ಮೇಜು ಇರುತ್ತಿತ್ತು. ಅದರ ಹಿಂದೆ ಯಜಮಾನರು, ಅವರ ಕೈಗೆಟುಕುವ ಹಾಗೆ ಖಾನೆಖಾನೆಯ ಮರದ ಪೆಟ್ಟಿಗೆ. ಚಿಲ್ಲರೆಗೊಂದು ಖಾನೆ, ನೋಟಿಗೊಂದು ಖಾನೆ. ಅದು ಗಲ್ಲಾ. ಯಜಮಾನರು ಊಟಕ್ಕೆ ಎದ್ದು ಹೋಗುವಾಗ ಗಲ್ಲಾದಲ್ಲಿ ಮಗನನ್ನೋ ತಮ್ಮನನ್ನೋ ಕೂರಿಸಿ ಹೋಗುತ್ತಿದ್ದರು, ಬೇರೆಯವರನ್ನಲ್ಲ. ಪದದ ಮೂಲ ಅರಬ್ಬಿ. ಅಲ್ಲಿ ಅದಕ್ಕೆ ಹೊಲದ ಹುಟ್ಟುವಳಿ ಎಂಬ ಅರ್ಥ. ಪಾರ್ಸಿ, ಹಿಂದೂಸ್ತಾನಿಗಳ ದಾರಿಯಲ್ಲಿ ಬರುವಾಗ ದವಸ ಎಂಬ ಅರ್ಥವೂ ಅಂಗಡಿಯ ದುಡ್ಡಿನ ಪೆಟ್ಟಿಗೆ ಎಂಬ ಅರ್ಥವೂ ಅದಕ್ಕೆ ಕೂಡಿಕೊಂಡವು. ಕನ್ನಡದ ಸಿನಿಮಾ ಪುಟಗಳಿಗೆ ಅದು ಬಂದದ್ದು 'ಬಾಕ್ಸ್ ಆಫೀಸ್' ಎಂಬುದರ ಕನ್ನಡವಾಗಿ. 'ಗಲ್ಲಾಪೆಟ್ಟಿಗೆ ತುಂಬಿಸಿದ ಚಿತ್ರ', 'ಗಲ್ಲಾಪೆಟ್ಟಿಗೆಯಲ್ಲಿ ಮುಗ್ಗರಿಸಿದ ಚಿತ್ರ' ಎಂದು ಓದಿ ಓದಿ ನಮಗೆ ರೂಢಿಯಾಗಿದೆ.

ಇಂಗ್ಲಿಷಿನ ಬಾಕ್ಸ್‌ಗೂ ದುಡ್ಡಿನ ಪೆಟ್ಟಿಗೆಗೂ ಮೂಲದಲ್ಲಿ ಸಂಬಂಧವಿಲ್ಲ. ರಂಗಮಂದಿರದ ಬದಿಗಳಲ್ಲಿ ಸಿರಿವಂತರಿಗೆಂದು ಮರೆ ಮಾಡಿದ ಪ್ರತ್ಯೇಕ ಆಸನಗಳಿರುತ್ತಿದ್ದವು, ಅವು ಬಾಕ್ಸ್‌ಗಳು. ಆ ಆಸನಗಳನ್ನು ಕೊಡುವ ಕಿಟಕಿ ಬಾಕ್ಸ್ ಆಫೀಸ್ ಆಯಿತು. ಹದಿನೆಂಟನೇ ಶತಮಾನದಿಂದಲೂ ಆ ಮಾತಿದೆ. ಟಿಕೆಟ್ ಮಾರಿ ಬಂದ ಒಟ್ಟು ಹಣ ಎಂಬ ಅರ್ಥ ಅದಕ್ಕೆ ಆಮೇಲೆ ಅಂಟಿಕೊಂಡಿತು. ಅದನ್ನು ಕನ್ನಡಕ್ಕೆ ತಂದವರು ಪೆಟ್ಟಿಗೆ ಎಂದರು. ಅಕ್ಷರಶಃ ನೋಡಿದರೆ ತಪ್ಪು, ಆದರೆ ನನಗೆ ಈ ತಪ್ಪು ಮೂಲಕ್ಕಿಂತ ಬೆಲೆಯುಳ್ಳದ್ದು ಅನಿಸುತ್ತದೆ. ಗಲ್ಲಾ ಅಂದಕೂಡಲೇ ಅದಕ್ಕೊಬ್ಬ ಯಜಮಾನ ಇರಲೇಬೇಕು. ಹಾಗಾಗಿ ಗಲ್ಲಾಪೆಟ್ಟಿಗೆ ತುಂಬಿತು ಎಂದು ಯಾರಾದರೂ ಬರೆದರೆ, ಯಾರದು ಎಂದು ಕೇಳುವ ಹಕ್ಕನ್ನು ನಮ್ಮ ಪದವೇ ನಮಗೆ ಕೊಟ್ಟಿದೆ. ಆ ಪ್ರಶ್ನೆ ಕೇಳದಿದ್ದರೆ ಅದ್ಭುತ ಲೋಕದ ಕಾದಂಬರಿಗಳನ್ನು ಸಿನಿಮಾ ಮಾಡಿದ ಕತೆ, ಅಂದರೆ ಫ್ಯಾಂಟಸಿ ಕಾದಂಬರಿಗಳ ಕತೆ, ಅರ್ಥವೇ ಆಗುವುದಿಲ್ಲ.

ಮೊದಲು ಟಿಕೆಟ್ಟಿನ ದುಡ್ಡು ಹರಿಯುವ ದಾರಿ ನೋಡೋಣ. ಗಾಂಧಿನಗರದಲ್ಲಿ ಇದಕ್ಕೆ ಮೂರು ಮಾತುಗಳಿವೆ: ಗ್ರಾಸ್, ನೆಟ್, ಶೇರ್. ಪ್ರೇಕ್ಷಕರು ಕೊಟ್ಟದ್ದೆಲ್ಲ ಗ್ರಾಸ್. ತೆರಿಗೆ ಕಳೆದರೆ ನೆಟ್. ಅದರಲ್ಲಿ ಚಿತ್ರಮಂದಿರದ ಬಾಡಿಗೆಯೋ ಮಲ್ಟಿಪ್ಲೆಕ್ಸಿನ ಪಾಲೋ ಕಳೆದು ವಿತರಕರ ಕೈಗೆ ಬರುವುದು ಶೇರ್. ನಿರ್ಮಾಪಕರ ಗಲ್ಲಾ ಅದಕ್ಕೂ ಆಚೆಗಿದೆ. ಪತ್ರಿಕೆಯಲ್ಲಿ, ಪೋಸ್ಟರಿನಲ್ಲಿ ಕಾಣುವ ದೊಡ್ಡ ಅಂಕಿ ಸಾಮಾನ್ಯವಾಗಿ ಗ್ರಾಸ್. ಹಾಲಿವುಡ್ಡಿನ ಲೆಕ್ಕವೂ ಗ್ರಾಸ್‌ನಲ್ಲೇ ಪ್ರಕಟವಾಗುತ್ತದೆ. ಅಮೆರಿಕದಲ್ಲಿ ಅದರ ಹೆಚ್ಚುಕಡಿಮೆ ಅರ್ಧ ಚಿತ್ರಮಂದಿರಗಳಿಗೇ ಹೋಗುತ್ತದೆ, ಹೊರದೇಶಗಳಲ್ಲಿ ಸ್ಟುಡಿಯೋಗೆ ಸಿಗುವುದು ಇನ್ನೂ ಕಡಿಮೆ. ಪ್ರಚಾರದ ಖರ್ಚು ನಿರ್ಮಾಣದ ಖರ್ಚಿನಲ್ಲಿ ಸೇರಿರುವುದಿಲ್ಲ. ಚಿತ್ರಕ್ಕೆ ಹಾಕಿದ ಹಣದ ಎರಡು, ಎರಡೂವರೆ ಪಟ್ಟು ಗ್ರಾಸ್ ಬಂದರೆ ಅಸಲು ಹುಟ್ಟೀತು ಎಂದು ವ್ಯಾಪಾರಸ್ಥರು ಅಂದಾಜು ಮಾಡುವುದು ಇದರಿಂದಲೇ.

ಇನ್ನೊಂದು ಮಾತು ಎಂಜಿ, ಮಿನಿಮಮ್ ಗ್ಯಾರಂಟಿ. ಚಿತ್ರ ತೆರೆಗೆ ಬರುವ ಮೊದಲೇ ವಿತರಕರೊಬ್ಬರು ಬಿಕೆಟಿಗೋ, ಅಂದರೆ ಬೆಂಗಳೂರು, ಕೋಲಾರ, ತುಮಕೂರಿಗೋ, ಮತ್ತೊಂದು ಸೀಮೆಗೋ ಇಂತಿಷ್ಟು ಎಂದು ಮೊದಲೇ ಕೊಟ್ಟುಬಿಡುತ್ತಾರೆ. ಚಿತ್ರ ಬಿದ್ದರೆ ಪೆಟ್ಟು ಅವರಿಗೆ. ಎದ್ದರೆ ಮೇಲಿನ ಲಾಭದಲ್ಲಿ ದೊಡ್ಡ ಪಾಲೂ ಅವರದೇ. ಲೋಕದ ಬೇರೆ ಕಡೆಗಳಲ್ಲೂ ದೊಡ್ಡ ಬಂಡವಾಳದ ಎಷ್ಟೋ ಚಿತ್ರಗಳು ಹೀಗೆ ಹಣ ಕೂಡಿಸಿಕೊಳ್ಳುತ್ತವೆ. ಈ ಎಂಜಿ ನೆನಪಿನಲ್ಲಿರಲಿ, ಮುಂದಿನ ಕತೆಯ ಕೀಲಿ ಅಲ್ಲಿದೆ.

2001ರ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಬೆನ್ನಿಗೆ ಬೆನ್ನಿಗೇ ಎರಡು ಚಿತ್ರಗಳು ಬಂದವು. ಮೊದಲನೆಯದು ಹ್ಯಾರಿ ಪಾಟರ್ ಸರಣಿಯ ಮೊದಲ ಚಿತ್ರ, ಎರಡನೆಯದು 'ಲಾರ್ಡ್ ಆಫ್ ದಿ ರಿಂಗ್ಸ್'ನ ಮೊದಲ ಭಾಗ. ಎರಡನೆಯದನ್ನು ಮಾಡಿದ್ದು ನ್ಯೂ ಲೈನ್ ಸಿನೆಮಾ. ಬಾಬ್ ಶೇ 1967ರಲ್ಲಿ ಶುರು ಮಾಡಿದ ಚಿಕ್ಕ ಸಂಸ್ಥೆ ಅದು, ಮುಂದೆ ಟೈಮ್ ವಾರ್ನರ್ ಕಂಪನಿಯ ಒಡೆತನಕ್ಕೆ ಬಂತು. ನಿರ್ದೇಶಕ ಪೀಟರ್ ಜಾಕ್ಸನ್ ಆ ಕಾದಂಬರಿಯನ್ನು ಹಿಡಿದು ಓಡಾಡುತ್ತಿದ್ದಾಗ, ಮೂರು ಸಂಪುಟ ಅಂದಮೇಲೆ ಮೂರು ಚಿತ್ರ ಯಾಕಾಗಬಾರದು ಎಂದು ಕೇಳಿದವರು ಶೇ. ಮೂರನ್ನೂ ನ್ಯೂಜಿಲೆಂಡಿನಲ್ಲಿ ಒಟ್ಟಿಗೇ ಚಿತ್ರೀಕರಿಸಿದರು. ಹೊರದೇಶಗಳ ಹಕ್ಕುಗಳನ್ನು ಮೊದಲೇ ಮಾರಿ ಖರ್ಚಿನ ದೊಡ್ಡ ಭಾಗ ಎತ್ತಿಕೊಂಡರು. ಅಮೆರಿಕದ ಗಲ್ಲಾ ಮಾತ್ರ ತಮ್ಮ ಬಳಿಯೇ ಉಳಿಯಿತು, ಅದು ಉಕ್ಕಿ ಹರಿಯಿತು. ಮೂರೂ ಚಿತ್ರಗಳ ಒಟ್ಟು ಗ್ರಾಸ್ ಸುಮಾರು 290 ಕೋಟಿ ಡಾಲರ್. ಮೂರನೆಯದಕ್ಕೆ 11 ಆಸ್ಕರ್.

ಆ ಮೇಲೆ ಎಲ್ಲ ಸ್ಟುಡಿಯೋಗಳೂ ಮಕ್ಕಳ ಪುಸ್ತಕದ ಅಂಗಡಿಗೆ ನುಗ್ಗಿದವು. ನ್ಯೂ ಲೈನ್ ಆರಿಸಿಕೊಂಡದ್ದು ಫಿಲಿಪ್ ಪುಲ್‌ಮನ್ ಅವರ ಮೂರು ಸಂಪುಟಗಳ ಕೃತಿಯನ್ನು. ಅದರ ಮೊದಲ ಕಾದಂಬರಿ 1995ರ 'ನಾರ್ದರ್ನ್ ಲೈಟ್ಸ್'. ಅಮೆರಿಕದಲ್ಲಿ ಅದಕ್ಕೆ 'ದಿ ಗೋಲ್ಡನ್ ಕಂಪಾಸ್' ಎಂದು ಹೆಸರು, ಚಿತ್ರಕ್ಕೂ ಅದೇ ಹೆಸರು.

ಈ ಕಾದಂಬರಿ ನನಗೆ ಬಹಳ ಆಪ್ತ. ಅದರ ಲೋಕದಲ್ಲಿ ಮನುಷ್ಯನ ಆತ್ಮ ಮೈಯೊಳಗೆ ಇರುವುದಿಲ್ಲ, ಪ್ರಾಣಿಯ ರೂಪದಲ್ಲಿ ಪಕ್ಕದಲ್ಲೇ ಓಡಾಡುತ್ತಿರುತ್ತದೆ, ಮಾತಾಡುತ್ತದೆ, ಜಗಳವಾಡುತ್ತದೆ. ಅದನ್ನು ಡೀಮನ್ ಅನ್ನುತ್ತಾರೆ. ಮಕ್ಕಳ ಡೀಮನ್ ಗಳಿಗೆಗೊಂದು ರೂಪ ತಾಳುತ್ತದೆ: ಈಗ ಪತಂಗ, ಇನ್ನೊಂದು ಕ್ಷಣಕ್ಕೆ ಬೆಕ್ಕು, ಹೆದರಿದರೆ ಇಲಿ. ಮಗು ಹರೆಯಕ್ಕೆ ಬಂದಾಗ ಒಂದು ರೂಪದಲ್ಲಿ ನಿಂತುಬಿಡುತ್ತದೆ. ಪುಲ್‌ಮನ್ ಇದನ್ನು ಯಾವತ್ತೂ ಪಾಠದ ಹಾಗೆ ವಿವರಿಸುವುದಿಲ್ಲ. ಮೊದಲ ವಾಕ್ಯದಲ್ಲೇ ಲೈರಾ ಎಂಬ ಹುಡುಗಿ ತನ್ನ ಡೀಮನ್ ಜೊತೆ ಕತ್ತಲಾಗುತ್ತಿರುವ ಭೋಜನಶಾಲೆಯನ್ನು ದಾಟುತ್ತಿರುತ್ತಾಳೆ. ಡೀಮನ್ ಅಂದರೇನು ಎಂದು ಓದುಗನೇ ಪುಟಪುಟಕ್ಕೂ ಕಂಡುಕೊಳ್ಳುತ್ತಾ ಹೋಗಬೇಕು. ಮಗುವನ್ನೂ ಅದರ ಡೀಮನ್ನನ್ನೂ ಕತ್ತರಿಸಿ ಬೇರೆ ಮಾಡುವವರಿದ್ದಾರೆ ಎಂದು ತಿಳಿಯುವ ಹೊತ್ತಿಗೆ ಓದುಗನಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಿಲ್ಲ. ಆ ಪುಟಗಳಲ್ಲಿ ಹೊಟ್ಟೆಯೊಳಗೆ ಚಳಿ ಹುಟ್ಟುವುದು, ಆ ಅರಿವನ್ನು ನಾವೇ ನಿಧಾನವಾಗಿ ಗಳಿಸಿಕೊಂಡಿರುವುದರಿಂದ.

ಸಿನಿಮಾ ಆ ನಿಧಾನಕ್ಕೆ ಹೆದರಿತು. ತೆರೆ ಬೆಳಗುತ್ತಲೇ ಹಿನ್ನೆಲೆಯ ದನಿಯೊಂದು ಡೀಮನ್ ಅಂದರೆ ಇದು, ಕತೆಯಲ್ಲಿ ಬರುವ 'ಧೂಳು' ಎಂಬ ನಿಗೂಢ ಕಣ ಅಂದರೆ ಇದು, ಲೋಕಗಳು ಹಲವಿವೆ ಎಂದು ಎಲ್ಲವನ್ನೂ ಹೇಳಿ ಮುಗಿಸುತ್ತದೆ. ಅದರ ಹಿಂದಿನ ಭಯ ನನಗೆ ಅರ್ಥವಾಗುತ್ತದೆ. ಪುಸ್ತಕ ಓದಿದವರಿಂದ ಮಾತ್ರ ಅಷ್ಟು ದೊಡ್ಡ ಗಲ್ಲಾ ತುಂಬುವುದಿಲ್ಲ, ಓದದವರು ಅವರ ಹತ್ತು ಪಾಲು ಬರಬೇಕು. ಅವರಿಗೆ ತಬ್ಬಿಬ್ಬಾಗಬಾರದು ಎಂದು ವಿವರಿಸಲು ಹೊರಟರೆ, ಓದಿದವರು ಯಾವುದಕ್ಕಾಗಿ ಕೃತಿಯನ್ನು ಪ್ರೀತಿಸಿದ್ದರೋ ಅದೇ ಹೋಗಿಬಿಡುತ್ತದೆ. ಫ್ಯಾಂಟಸಿಯನ್ನು ತೆರೆಗೆ ತರುವ ಕಷ್ಟಗಳಲ್ಲಿ ಮೊದಲನೆಯದು ಇದು ಎಂದು ನಾನು ನಂಬುತ್ತೇನೆ, ಗ್ರಾಫಿಕ್ಸ್ ಆಮೇಲಿನ ಮಾತು.

ಗ್ರಾಫಿಕ್ಸೂ ಸಣ್ಣದಲ್ಲ. ಊರಿನ ಪ್ರತಿಯೊಬ್ಬರ ಪಕ್ಕದಲ್ಲೂ ಒಂದು ಪ್ರಾಣಿ ಇದೆ ಎಂದು ಬರೆಯಲು ಲೇಖಕನಿಗೆ ಒಂದು ಸಾಲು ಸಾಕು. ತೆರೆಯ ಮೇಲೆ ಪ್ರತಿ ಪ್ರಾಣಿಗೂ ತಿಂಗಳುಗಟ್ಟಲೆ ಕೆಲಸ. ಕವಚ ತೊಟ್ಟ ಹಿಮಕರಡಿಗಳ ಕಾಳಗ ಬೇರೆ. ನಿರ್ದೇಶಕ ಕ್ರಿಸ್ ವೈಟ್ಜ್ 2004ರಲ್ಲಿ, ಈ ತಾಂತ್ರಿಕ ಭಾರ ತಮ್ಮಿಂದಾಗದು ಎಂದು ಒಮ್ಮೆ ಬಿಟ್ಟೇ ಹೋಗಿದ್ದರು. ಬದಲಿಗೆ ಬಂದ ಆನಂದ್ ಟಕರ್ ಕೂಡ ಬಿಟ್ಟ ಮೇಲೆ ಮರಳಿ ಬಂದರು. ಇನ್ನೊಂದು ಕಡೆ, ಕಾದಂಬರಿಯ ಖಳ ಚರ್ಚಿನ ಅಧಿಕಾರ. ಚಿತ್ರದಲ್ಲಿ ಆ ಮಾತನ್ನು ಆದಷ್ಟು ಮಸುಕು ಮಾಡಿದರು. ಅಷ್ಟಾದರೂ ಅಮೆರಿಕದ ಕ್ಯಾಥೊಲಿಕ್ ಲೀಗ್ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ಹರಿತ ಕಳೆದದ್ದಕ್ಕೆ ಓದುಗರಿಗೆ ಬೇಸರ, ಕಳೆದ ಮೇಲೂ ಬಹಿಷ್ಕಾರ ತಪ್ಪಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊನೆಗೆ ಬಿತ್ತು. ಕಾದಂಬರಿಯ ಕಡೆಯ ಮೂರು ಅಧ್ಯಾಯಗಳು ಕರುಣೆಯಿಲ್ಲದವು, ಓದದವರಿಗಾಗಿ ಅಲ್ಲಿ ಏನಾಗುತ್ತದೆ ಎಂದು ಹೇಳುವುದಿಲ್ಲ. ಅವನ್ನು ಚಿತ್ರೀಕರಿಸಿದ್ದರು. ಬಿಡುಗಡೆ ಹತ್ತಿರ ಬಂದಾಗ, ಪ್ರೇಕ್ಷಕರು ಭರವಸೆಯಿಂದ ಹೊರಬರಲಿ ಎಂದು ತೆಗೆದುಹಾಕಿ, ಎರಡನೇ ಚಿತ್ರದ ಆರಂಭಕ್ಕೆ ಇಟ್ಟುಕೊಂಡರು. ಎರಡನೇ ಚಿತ್ರ ಬರಬೇಕಾದರೆ ಮೊದಲನೆಯದು ಗಳಿಸಬೇಕು. ಸರಣಿ ಕಾದಂಬರಿಗಳ ಗಲ್ಲಾಪೆಟ್ಟಿಗೆಗೆ ಇರುವ ವಿಶೇಷ ಅರ್ಥ ಇದು: ಒಂದೇ ಚಿತ್ರದ ಕತೆಯಾದರೆ ಬಿದ್ದರೂ ಕತೆ ಪೂರ್ತಿಯಾಗಿರುತ್ತದೆ, ಸರಣಿಯಲ್ಲಿ ಮೊದಲ ವಾರದ ಟಿಕೆಟ್ಟು ಮಾರಾಟವಾಗದಿದ್ದರೆ ಕತೆಯೇ ಅರ್ಧಕ್ಕೆ ನಿಲ್ಲುತ್ತದೆ. 'ಲಾರ್ಡ್ ಆಫ್ ದಿ ರಿಂಗ್ಸ್' ಮೂರನ್ನೂ ಒಟ್ಟಿಗೆ ಚಿತ್ರೀಕರಿಸಿ ಈ ಗಂಡಾಂತರದಿಂದ ಪಾರಾಗಿತ್ತು.

2007ರ ಡಿಸೆಂಬರಿನಲ್ಲಿ ಚಿತ್ರ ಬಂತು. ಖರ್ಚು ಸುಮಾರು 18 ಕೋಟಿ ಡಾಲರ್. ಲೋಕದಾದ್ಯಂತ ಗ್ರಾಸ್ ಸುಮಾರು 37 ಕೋಟಿ. ಖರ್ಚಿನ ದುಪ್ಪಟ್ಟು! ಅಂಕಿ ನೋಡಿದವರು ಗೆದ್ದಿತು ಎನ್ನಬೇಕು. ಈಗ ನಮ್ಮ ಪ್ರಶ್ನೆ ಕೇಳಿ: ಯಾರ ಗಲ್ಲಾ? ಅಮೆರಿಕ, ಕೆನಡಾಗಳಲ್ಲಿ ಬಂದದ್ದು ಬರೀ 7 ಕೋಟಿ. ಉಳಿದ 30 ಕೋಟಿ ಹೊರದೇಶಗಳದು, ಆ ಹಕ್ಕುಗಳನ್ನು ನ್ಯೂ ಲೈನ್ ಮೊದಲೇ ಮಾರಿಯಾಗಿತ್ತು. ಹಳೆಯ ಚಿತ್ರಕ್ಕೆ ಹೂಡಿದ ಉಪಾಯವನ್ನೇ ಇಲ್ಲೂ ಹೂಡಿದ್ದರು. ಆಗ ತಮ್ಮ ಮನೆಯ ಗಲ್ಲಾ ತುಂಬಿತ್ತು, ಪರರದೂ ತುಂಬಿತ್ತು. ಈಗ ಪರರದು ಮಾತ್ರ. ಮನೆಯ 7 ಕೋಟಿಯಲ್ಲಿ ಚಿತ್ರಮಂದಿರಗಳ ಅರ್ಧ ಕಳೆದರೆ ಉಳಿಯುವ ಮೂರೂವರೆ ಕೋಟಿಯಲ್ಲಿ ಪ್ರಚಾರದ ಖರ್ಚೂ ತೀರಬೇಕಿತ್ತು.

2008ರ ಫೆಬ್ರವರಿ 24ರಂದು ಆ ಚಿತ್ರಕ್ಕೆ ದೃಶ್ಯ ಪರಿಣಾಮಗಳ ಆಸ್ಕರ್ ಬಂತು. ಅದಾಗಿ ನಾಲ್ಕು ದಿನಕ್ಕೆ, 28ರಂದು, ನ್ಯೂ ಲೈನ್ ಇನ್ನು ಸ್ವತಂತ್ರ ಸ್ಟುಡಿಯೋ ಆಗಿ ಉಳಿಯುವುದಿಲ್ಲ, ವಾರ್ನರ್ ಬ್ರದರ್ಸ್ ಒಳಗೆ ಸೇರುತ್ತದೆ ಎಂದು ಟೈಮ್ ವಾರ್ನರ್ ಪ್ರಕಟಿಸಿತು. 40 ವರ್ಷ ಅದನ್ನು ಕಟ್ಟಿದ ಶೇ ಹೊರಟರು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಇತರ ಚಿತ್ರಗಳೂ ಸೋತಿದ್ದವು. ಆದರೆ ಈ ಚಿತ್ರ ಎದ್ದು ನಿಂತಿದ್ದರೆ ಅವರಿಗೊಂದು ಆಸರೆ ಇರುತ್ತಿತ್ತು.

ಒಂದೇ ಅಂಕಿ ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ಸೂತಕ ಆಗುವುದು ಇಲ್ಲಿ ಮಾತ್ರವಲ್ಲ. ನಾರ್ನಿಯಾ ಸರಣಿಯ ಎರಡನೇ ಚಿತ್ರ ಸುಮಾರು 42 ಕೋಟಿ ಡಾಲರ್ ಗ್ರಾಸ್ ಮಾಡಿತು, ಮೊದಲನೆಯದು 74 ಕೋಟಿ ದಾಟಿತ್ತು. ಎರಡನೆಯದಕ್ಕೆ ಹಾಕಿದ್ದೇ 22 ಕೋಟಿಗೂ ಹೆಚ್ಚು. ಡಿಸ್ನಿ ಅಲ್ಲಿಗೇ ಕೈಬಿಟ್ಟಿತು, ಮೂರನೆಯದು ಬೇರೆ ಸ್ಟುಡಿಯೋದಿಂದ ಬಂತು. ಗೆದ್ದ ಕಡೆಯೂ ಗಲ್ಲಾದ ಯಜಮಾನಿಕೆಗೆ ವ್ಯಾಜ್ಯ ತಪ್ಪಲಿಲ್ಲ. 'ಲಾರ್ಡ್ ಆಫ್ ದಿ ರಿಂಗ್ಸ್' ಲೆಕ್ಕಪತ್ರದ ಬಗ್ಗೆ ಪೀಟರ್ ಜಾಕ್ಸನ್ನರೇ ಕೋರ್ಟಿಗೆ ಹೋದರು. ಆ ಕಾದಂಬರಿ ಬರೆದ ಟೋಲ್ಕಿನ್ನರ ವಾರಸುದಾರರು, ಒಪ್ಪಂದದ ಪ್ರಕಾರ ಗ್ರಾಸ್‌ನಲ್ಲಿ ಶೇಕಡಾ 7.5 ಬರಬೇಕಿತ್ತು, ಬಂದಿಲ್ಲ ಎಂದು 2008ರಲ್ಲಿ ದಾವೆ ಹೂಡಿದರು. ಎರಡೂ ಕೊನೆಗೆ ರಾಜಿಯಲ್ಲಿ ಮುಗಿದವು.

ನನ್ನನ್ನು ಹೆಚ್ಚು ಕಾಡುವುದು ಡೀಮನ್‌ಗಳನ್ನು ಮಾಡಿದವರ ಪಾಡು. ಆ ಪ್ರಾಣಿಗಳಿಗೆ ಉಸಿರು ಕೊಟ್ಟದ್ದು ರಿದಮ್ ಅಂಡ್ ಹ್ಯೂಸ್ ಎಂಬ ಸ್ಟುಡಿಯೋ. ಮುಂಬೈ, ಹೈದರಾಬಾದುಗಳಲ್ಲೂ ಅವರ ಶಾಖೆಗಳಿದ್ದವು. ಇಂಥ ಕೆಲಸ ನಡೆಯುವುದು ಗುತ್ತಿಗೆಯ ಲೆಕ್ಕದಲ್ಲಿ: ಇಷ್ಟು ದೃಶ್ಯಕ್ಕೆ ಇಷ್ಟು ಹಣ ಎಂದು ಒಪ್ಪಿಕೊಂಡಿರುತ್ತಾರೆ. ನಿರ್ದೇಶಕರು ಹತ್ತು ಸಲ ತಿದ್ದಿಸಿದರೆ ಆ ಭಾರ ಹೊರುವವರು ಅವರೇ, ಚಿತ್ರ ಓಡಿದರೆ ಪಾಲು ಇಲ್ಲ. 2013ರ ಫೆಬ್ರವರಿಯಲ್ಲಿ ಆ ಸ್ಟುಡಿಯೋ ದಿವಾಳಿ ಅರ್ಜಿ ಹಾಕಿತು. ಅದೇ ತಿಂಗಳ 24ರಂದು 'ಲೈಫ್ ಆಫ್ ಪೈ'ನ ಹುಲಿಗಾಗಿ ಅವರ ತಂಡಕ್ಕೆ ಮತ್ತೆ ಆಸ್ಕರ್ ಬಂತು. ಆ ಚಿತ್ರದ ಗ್ರಾಸ್ 60 ಕೋಟಿ ಡಾಲರ್ ಮೀರಿತ್ತು. ವೇದಿಕೆಯ ಮೇಲೆ ಬಿಲ್ ವೆಸ್ಟನ್‌ಹೋಫರ್ ತಮ್ಮ ಸ್ಟುಡಿಯೋದ ಸಂಕಟ ಹೇಳಲು ಹೊರಟಾಗ ಸಂಗೀತ ಹಾಕಿ, ಮೈಕು ಆರಿಸಿ, ಮಾತು ನಿಲ್ಲಿಸಿದರು.

ಪುಲ್‌ಮನ್ನರ ಕತೆ ಕೊನೆಗೆ ಪೂರ್ತಿಯಾಗಿ ತೆರೆ ಕಂಡದ್ದು ಟೀವಿಯಲ್ಲಿ. ಬಿಬಿಸಿ, ಎಚ್‌ಬಿಓ ಸೇರಿ 2019ರಿಂದ 2022ರವರೆಗೆ ಮೂರು ಕಂತುಮಾಲೆಗಳಲ್ಲಿ, 23 ಕಂತುಗಳಲ್ಲಿ ಮೂರೂ ಕಾದಂಬರಿಗಳನ್ನು ಹೇಳಿದವು. ಅಲ್ಲಿಯೂ ಡೀಮನ್‌ಗಳು ಸಾಲದೆಂದು ಓದುಗರು ದೂರಿದರು, ನನಗೂ ಸಾಲದೆನಿಸಿತು. ಆದರೆ 2019ರ ಡಿಸೆಂಬರ್ 22ರಂದು, ಕ್ರಿಸ್‌ಮಸ್‌ಗೆ ಮೂರು ದಿನ ಇರುವಾಗ, ಮೊದಲ ಮಾಲೆಯ ಕಡೆಯ ಕಂತಿನಲ್ಲಿ ಉತ್ತರ ಧ್ರುವದ ಹಿಮದ ಮೇಲೆ ಆಕಾಶ ಬಿರಿಯಿತು. ಹನ್ನೆರಡು ವರ್ಷ ಹಿಂದೆ ಕತ್ತರಿ ಬಿದ್ದ ಆ ಮೂರು ಅಧ್ಯಾಯಗಳ ಕತೆ ಕೊನೆಗೂ ತೆರೆಗೆ ಬಂತು. ಲೈರಾ ತನ್ನ ಡೀಮನ್ ಜೊತೆ ಇನ್ನೊಂದು ಲೋಕದ ಬೆಳಕಿನೊಳಗೆ ನಡೆದುಹೋದಳು.