ಅರ್ಧ ಚಮಚ ಸಕ್ಕರೆ, ಒಂದು ಬಾಟಲಿ ಗ್ಯಾಸ್

ಅಡುಗೆಮನೆ ನೆಲದ ಮೇಲೆ ಐವತ್ತು ಖಾಲಿ ಬಾಟಲಿಗಳು. ಎಲ್ಲವೂ ಕಂದು ಬಣ್ಣದವು. ಎರಡು ತಿಂಗಳಿಂದ ಗೆಳೆಯರ ಮನೆಗಳಿಂದ ಕೂಡಿಹಾಕಿ ತಂದಿದ್ದೆ. ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಲೇಬಲ್ ಕಿತ್ತು, ತೊಳೆದು ಬೋರಲು ಹಾಕಿದ್ದೆ. ಪಕ್ಕದಲ್ಲಿ 19 ಲೀಟರ್ ಬಿಯರ್ ಇರುವ ಬಕೆಟ್. ಮೂರು ವಾರದ ಹಿಂದೆ ಇದೇ ಒಲೆಯ ಮೇಲೆ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಮತ್ತು ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡುವ ಹೂ) ಕುದಿಸಿ, ತಣಿಸಿ, ಯೀಸ್ಟ್ ಹಾಕಿ ಮುಚ್ಚಿಟ್ಟಿದ್ದು.

ನಾವಿರುವುದು ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ. ಹಾಪ್ಸ್ ಬೆಳೆಯುವ ಸೀಮೆ ಇದು. ನಾನು ಹಾಕಿದ ಕ್ಯಾಸ್ಕೇಡ್ ತಳಿ ಇದೇ ಆರೆಗಾನ್ ರಾಜ್ಯದ್ದು. ಕೊರ್ವಾಲಿಸ್ ಊರಿನ ಸಂಶೋಧಕರು ಬೆಳೆಸಿ, 1972ರಲ್ಲಿ ರೈತರಿಗೆ ಕೊಟ್ಟಿದ್ದು. ಬಕೆಟ್ಟಿನಿಂದ ಒಂದು ಲೋಟ ತೆಗೆದು ರುಚಿ ನೋಡಿದೆವು. ಹದವಾದ ಕಹಿ. ಚಕ್ಕೋತದ ಸಿಪ್ಪೆ ಸುಲಿದಾಗ ಬರುವಂಥ ಘಮ. ಆದರೆ ನಾಲಿಗೆಗೆ ಜೀವವೇ ಇಲ್ಲ.

“ರೀ, ಇದ್ರಲ್ಲಿ ಗ್ಯಾಸೇ ಇಲ್ವಲ್ಲ” ಅಂದಳು ಹೆಂಡತಿ.

ಇಲ್ಲ ನಿಜ. ಅದು ಇನ್ನು ಬರಬೇಕು, ಅದೂ ಬಾಟಲಿಯ ಒಳಗೇ ಹುಟ್ಟಬೇಕು. ಬಿಯರ್ ಮಾಡುವುದರಲ್ಲಿ ಕುದಿಸುವ ದಿನವೇ ದೊಡ್ಡದು, ಬಾಟಲಿ ತುಂಬುವುದು ಬರೀ ಪ್ಯಾಕಿಂಗ್ ಅಂತ ಅಂದುಕೊಂಡಿದ್ದೆ. ಹಾಗಲ್ಲ. ಅರ್ಧ ವಿಜ್ಞಾನ ಈ ದಿನಕ್ಕೇ ಉಳಿದಿರುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಬಕಾರಿ ಕಾನೂನಿಗೆ ವಿರುದ್ಧ. ಅಮೆರಿಕದಲ್ಲೂ ಇದಕ್ಕೆ ಬಹಳ ಕಾಲ ಅನುಮತಿ ಇರಲಿಲ್ಲ. 1933ರಲ್ಲಿ ಪಾನನಿಷೇಧ ಹೋದ ಮೇಲೆ ಮನೆ ವೈನ್‌ಗೆ ಒಪ್ಪಿಗೆ ಸಿಕ್ಕಿತು, ಮನೆ ಬಿಯರ್‌ಗೆ ಸಿಗಲಿಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಅದನ್ನು ಸರಿಮಾಡಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಮಿತಿ. ಮಾರುವಂತಿಲ್ಲ.

ಈಗ ಗ್ಯಾಸಿನ ವಿಷಯ. ಯೀಸ್ಟ್ ಸಕ್ಕರೆ ತಿಂದು ಎರಡು ವಸ್ತು ಬಿಡುತ್ತದೆ: ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್. ತೂಕದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಹಾಗಾಗಿ ಬಕೆಟ್ಟಿನಲ್ಲಿ ಗ್ಯಾಸ್ ಬೇಕಾದಷ್ಟು ಹುಟ್ಟಿತ್ತು. ಮುಚ್ಚಳದ ಮೇಲೆ ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ ಏರ್‌ಲಾಕ್ ಇರುತ್ತದೆ, ಅದು ಮೊದಲ ನಾಲ್ಕು ದಿನ ಹಗಲೂ ರಾತ್ರಿ ಗುಳುಗುಳು ಅನ್ನುತ್ತಿತ್ತು. ಆ ಸದ್ದೇ ಗ್ಯಾಸ್ ಮನೆ ಬಿಟ್ಟು ಹೋಗುವ ಸದ್ದು. ಹೊರಗೆ ದಾರಿ ಇರುವ ಪಾತ್ರೆಯಲ್ಲಿ ಅದು ಬಿಯರ್ ಒಳಗೆ ನಿಲ್ಲುವುದಿಲ್ಲ. 1767ರ ಹೊತ್ತಿಗೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜೋಸೆಫ್ ಪ್ರೀಸ್ಟ್ಲಿ ಅನ್ನುವ ಪಾದ್ರಿಯ ಮನೆ ಪಕ್ಕದಲ್ಲೇ ಬಿಯರ್ ಕಾರ್ಖಾನೆ ಇತ್ತು. ಹೀಗೆ ಹೊರಬಂದ ಗ್ಯಾಸ್ ಹುದುಗುತ್ತಿದ್ದ ತೊಟ್ಟಿಗಳ ಮೇಲೆ ಪದರವಾಗಿ ನಿಂತಿರುವುದನ್ನು ಆತ ಗಮನಿಸಿದ. ಆ ಗ್ಯಾಸನ್ನು ನೀರಿಗೆ ಹಿಡಿಸಿ ನೋಡಿದ. ನಾವು ಕುಡಿಯುವ ಸೋಡಾದ ಮೂಲ ಅದು.

ಒಂದಷ್ಟು ಗ್ಯಾಸ್ ಮಾತ್ರ ಬಿಯರ್‌ನಲ್ಲಿ ಕರಗಿ ಉಳಿದಿರುತ್ತದೆ. ಬಿಯರ್ ಮಾಡುವವರು ಇದನ್ನು ವಾಲ್ಯೂಮ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಲೀಟರ್ ಬಿಯರ್‌ನಲ್ಲಿ ಒಂದು ಲೀಟರ್ ಗ್ಯಾಸ್ ಕರಗಿದ್ದರೆ ಒಂದು ವಾಲ್ಯೂಮ್. 20 ಡಿಗ್ರಿಯಲ್ಲಿ ಹುದುಗಿದ ನನ್ನ ಬಿಯರ್‌ನಲ್ಲಿ ಸುಮಾರು 0.85 ವಾಲ್ಯೂಮ್ ಇತ್ತು. ನನಗೆ ಬೇಕಾಗಿದ್ದು 2.4. ಕೊರತೆ ಒಂದೂವರೆಗಿಂತ ತುಸು ಜಾಸ್ತಿ.

ಈ ಕೊರತೆ ತುಂಬುವುದು ಸಕ್ಕರೆ. ಒಂದು ಗ್ರಾಂ ಸಕ್ಕರೆಗೆ ಅರ್ಧ ಗ್ರಾಂನಷ್ಟು ಗ್ಯಾಸ್. ಲೆಕ್ಕ ಹಾಕಿದರೆ ಲೀಟರಿಗೆ ಸುಮಾರು 6 ಗ್ರಾಂ, 19 ಲೀಟರಿಗೆ 115 ಗ್ರಾಂ. ಒಂದು 355 ಮಿಲಿಲೀಟರ್ ಬಾಟಲಿಯ ಪಾಲು ಬರೀ ಎರಡು ಗ್ರಾಂ, ಅಂದರೆ ಅರ್ಧ ಚಮಚ. ಕಾಫಿಗೆ ಹಾಕಿದರೆ ಸಿಹಿ ಗೊತ್ತೇ ಆಗದಷ್ಟು. ಆ ಅರ್ಧ ಚಮಚವೇ ಅರ್ಧ ಲೀಟರಿಗೂ ಮೀರಿದ ಗ್ಯಾಸ್ ಆಗುತ್ತದೆ! ಹೋಗಲು ದಾರಿ ಇಲ್ಲದ್ದರಿಂದ ಅದು ಬಿಯರ್‌ನಲ್ಲೇ ಕರಗುತ್ತದೆ. ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಕರಗುವ ಗ್ಯಾಸ್ ಹೆಚ್ಚುತ್ತದೆ ಅಂತ 1803ರಲ್ಲಿ ವಿಲಿಯಂ ಹೆನ್ರಿ ತೋರಿಸಿಕೊಟ್ಟದ್ದು ಇದನ್ನೇ. ಕೋಣೆಯ ಬಿಸಿಯಲ್ಲಿ ಹೀಗೆ ಸಿದ್ಧವಾದ ಬಾಟಲಿಯೊಳಗಿನ ಒತ್ತಡ ಸುಮಾರು 27 ಪಿಎಸ್‌ಐ. ಪೆಟ್ರೋಲ್ ಬಂಕಿನಲ್ಲಿ ಕಾರಿನ ಟೈರಿಗೆ ಹಾಕಿಸುತ್ತೇವಲ್ಲ, ಅದಕ್ಕಿಂತ ಸ್ವಲ್ಪ ಕಡಿಮೆ.

ಕೈಯಲ್ಲಿ ಹಿಡಿದದ್ದು ತೆಳ್ಳನೆ ಗಾಜು. ಆದ್ದರಿಂದ ಸಕ್ಕರೆ ತೂಗುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಬಿಯರ್‌ನಲ್ಲಿ ಹಳೆಯ ಸಕ್ಕರೆ ಇನ್ನೂ ಉಳಿದಿದೆಯಾ?

ಇದಕ್ಕೆ ಉತ್ತರ ಹೇಳುವುದು ಹೈಡ್ರೋಮೀಟರ್. ಊರಿನ ಡೈರಿಯಲ್ಲಿ ಹಾಲಿಗೆ ನೀರು ಬೆರೆಸಿದ್ದಾರಾ ಅಂತ ಲ್ಯಾಕ್ಟೋಮೀಟರ್ ಬಿಟ್ಟು ನೋಡುತ್ತಾರೆ ಅಲ್ವಾ, ಅದರದ್ದೇ ಅಣ್ಣತಮ್ಮ. ಸಕ್ಕರೆ ಜಾಸ್ತಿ ಇದ್ದರೆ ದ್ರವ ಗಟ್ಟಿ, ಕೊಳವೆ ಮೇಲೆ ತೇಲುತ್ತದೆ. ಸಕ್ಕರೆ ಕರಗಿ ಆಲ್ಕೋಹಾಲ್ ಆದ ಹಾಗೆ ಕೆಳಗಿಳಿಯುತ್ತದೆ. ಬರೀ ನೀರಿಗೆ 1.000 ತೋರಿಸುತ್ತದೆ. ಯೀಸ್ಟ್ ಹಾಕಿದ ದಿನ ನನ್ನದು 1.050 ತೋರಿಸಿತ್ತು. ಗುರುವಾರ 1.011. ಭಾನುವಾರ ಮತ್ತೆ ಅದೇ 1.011. ಇಷ್ಟು ಕೆಳಗಿಳಿದು ಮೂರು ದಿನ ಕದಲಿಲ್ಲ ಅಂದರೆ ಯೀಸ್ಟಿಗೆ ತಿನ್ನಲು ಆಗುವಂಥದ್ದು ಏನೂ ಉಳಿದಿಲ್ಲ.

ಏರ್‌ಲಾಕ್ ಸುಮ್ಮನಾಯಿತು ಅಂತ ನಂಬಿ ತುಂಬಿಸಿಬಿಡಬಾರದು. ಚಳಿಗೆ ಯೀಸ್ಟ್ ಮಲಗಿದ್ದರೂ ಏರ್‌ಲಾಕ್ ಸುಮ್ಮನೇ ಇರುತ್ತದೆ. ಬಿಯರ್ 1.019ರಲ್ಲಿ ನಿಂತಿದೆ, ಇನ್ನೂ ಎಂಟು ಅಂಕ ಇಳಿಯುವುದಿದೆ ಅಂದುಕೊಳ್ಳಿ. ಒಂದೊಂದು ಅಂಕಕ್ಕೆ ಹತ್ತಿರಹತ್ತಿರ ಅರ್ಧ ವಾಲ್ಯೂಮ್ ಗ್ಯಾಸ್. ಎಂಟಕ್ಕೆ ನಾಲ್ಕು. ಅದು ನಮ್ಮ 2.4ರ ಮೇಲೆ! ಸಾಮಾನ್ಯ ಬಿಯರ್ ಬಾಟಲಿ ಅಷ್ಟು ತಡೆಯುವುದಿಲ್ಲ, ಒಡೆದು ಚೂರುಗಳು ಕೋಣೆ ತುಂಬ ಹಾರುತ್ತವೆ. ಇಲ್ಲಿನವರು ಅದನ್ನು ಬಾಟಲ್ ಬಾಂಬ್ ಅಂತಲೇ ಕರೆಯುತ್ತಾರೆ. ನಾನು ಹೊಸಬರಿಗೆ ಹೇಳುವುದು ಒಂದೇ. ಬೇರೆ ಯಾವುದನ್ನು ಬಿಟ್ಟರೂ ಹೈಡ್ರೋಮೀಟರ್ ಬಿಡಬೇಡಿ.

115 ಗ್ರಾಂ ಸಕ್ಕರೆಯನ್ನು ಎರಡು ಲೋಟ ನೀರಿನಲ್ಲಿ ಕುದಿಸಿ ಆರಿಸಿದೆ. ಒಂದೊಂದೇ ಬಾಟಲಿಗೆ ಚಮಚದಲ್ಲಿ ಹಾಕಬಹುದು, ಆದರೆ ಅಳತೆ ಒಂದೇ ಸಮ ಬರುವುದಿಲ್ಲ. ಇನ್ನೊಂದು ಬಕೆಟ್ಟಿಗೆ ಮೊದಲು ಪಾಕ ಸುರಿದು, ಅದರ ಮೇಲೆ ಸೈಫನ್ ಕೊಳವೆಯಿಂದ ಬಿಯರ್ ಇಳಿಸಬೇಕು. ಕೊಳವೆಯ ತುದಿ ಬಕೆಟ್ಟಿನ ತಳಕ್ಕೆ ಬಾಗಿದ್ದರೆ ಬಿಯರ್ ಸುತ್ತುತ್ತಾ ಏರುತ್ತದೆ, ಪಾಕವೂ ಬೆರೆಯುತ್ತದೆ. ಎರಡನೇ ಸಲ ಮಾಡಿದಾಗ ಅವಸರದಲ್ಲಿ ಈ ಕ್ರಮ ತಪ್ಪಿಸಿದೆ, ಪಾಕವನ್ನು ಕೊನೆಗೆ ಮೇಲಿಂದ ಹೊಯ್ದೆ. ಅದು ಭಾರ, ತಳ ಸೇರಿತು. ಮೊದಲು ತುಂಬಿದ ಬಾಟಲಿಗಳು ಮುಚ್ಚಳ ತೆಗೆದ ಕೂಡಲೇ ಅರ್ಧಕ್ಕರ್ಧ ಉಕ್ಕಿಹೋದವು, ಕೊನೆಯವು ಸಪ್ಪೆ.

ಬಿಯರ್ ಇಳಿಸುವಾಗ ಎತ್ತರದಿಂದ ಬೀಳಬಾರದು. ಕಾಫಿ ಎತ್ತಿ ಹೊಯ್ದು ನೊರೆ ಬರಿಸುವ ಕೈ ನಮ್ಮದು, ಇಲ್ಲಿ ಆ ಚಾಳಿ ಬಿಡಬೇಕು. ಹುದುಗಿ ಮುಗಿದ ಬಿಯರ್‌ಗೆ ಗಾಳಿಯ ಆಮ್ಲಜನಕ ಸೇರಿದರೆ ವಾರಗಳಲ್ಲಿ ನೆನೆದ ರಟ್ಟಿನ ವಾಸನೆ ಬರುತ್ತದೆ. ಶುಚಿಯೂ ಅಷ್ಟೇ ಮುಖ್ಯ. ಆಲ್ಕೋಹಾಲ್, ಹುಳಿ, ಹಾಪ್ಸ್ ಮೂರೂ ಇರುವ ಕಡೆ ಕಾಯಿಲೆ ತರುವ ಬ್ಯಾಕ್ಟೀರಿಯಾ ಬದುಕುವುದು ಕಷ್ಟ. ಆದರೆ ಕಾಡು ಯೀಸ್ಟ್ ಬದುಕುತ್ತದೆ. ನಮ್ಮ ಯೀಸ್ಟ್ ಬಿಟ್ಟ ದೊಡ್ಡ ಸಕ್ಕರೆಗಳನ್ನೂ ಕೆಲವು ಜಾತಿ ಒಡೆದು ತಿನ್ನುತ್ತವೆ. ಆಗ ಹೈಡ್ರೋಮೀಟರಿನ ಲೆಕ್ಕವೇ ತಲೆಕೆಳಗು. ಹಾಗಾಗಿ ಬಾಟಲಿ, ಕೊಳವೆ, ಮುಚ್ಚಳ ಎಲ್ಲವನ್ನೂ ಸ್ಯಾನಿಟೈಸರ್ ನೀರಿನಲ್ಲಿ ಅದ್ದಿ ತೆಗೆದೆ.

ತುಂಬುವುದನ್ನು ಡಿಷ್‌ವಾಷರ್‌ನ ತೆರೆದ ಬಾಗಿಲ ಮೇಲೆ ಮಾಡಿದೆವು. ಚೆಲ್ಲಿದ್ದು ಒಳಗೇ ಇಳಿಯುತ್ತದೆ. ತುದಿಯಲ್ಲಿ ಸ್ಪ್ರಿಂಗ್ ಇರುವ ಗಟ್ಟಿ ಕೊಳವೆ ಒಂದಿರುತ್ತದೆ. ಬಾಟಲಿಯ ತಳಕ್ಕೆ ಒತ್ತಿದರೆ ಬಿಯರ್ ಬರುತ್ತದೆ, ಎತ್ತಿದರೆ ನಿಲ್ಲುತ್ತದೆ. ಅದರ ಚಂದ ನೋಡಿ. ಬಾಯಿ ಅಂಚಿನವರೆಗೂ ತುಂಬಿಸಬೇಕು. ಕೊಳವೆ ಹೊರಗೆ ತೆಗೆದಾಗ ಅದು ಆಕ್ರಮಿಸಿದ್ದ ಜಾಗದಷ್ಟು ಬಿಯರ್ ಕೆಳಗಿಳಿದು, ಕತ್ತಿನಲ್ಲಿ ಎರಡು ಬೆರಳು ಖಾಲಿ ಉಳಿಯುತ್ತದೆ. ಐವತ್ತು ಬಾಟಲಿಯಲ್ಲೂ ಒಂದೇ ಮಟ್ಟ. ನಾನು ತುಂಬಿದೆ, ಅವಳು ಮುಚ್ಚಳ ಒತ್ತಿದಳು. ಎರಡು ಹಿಡಿಯ ಕ್ಯಾಪರ್ ಇಟ್ಟು ಕೆಳಗೆ ತಳ್ಳಿದರೆ ಕಟಕ್ ಅಂತ ಕೂರುತ್ತದೆ.

ಮುಚ್ಚಳದ ಹಲ್ಲು ಎಣಿಸಿ ನೋಡಿ, 21 ಇರುತ್ತವೆ. ಬಾಲ್ಟಿಮೋರಿನ ವಿಲಿಯಂ ಪೇಂಟರ್ 1892ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ 24 ಇದ್ದವು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1872ರಲ್ಲಿ, ಇಂಗ್ಲೆಂಡಿನ ಹೈರಮ್ ಕಾಡ್ ಇದೇ ಸಮಸ್ಯೆಗೆ ಬೇರೆ ಉತ್ತರ ಕಂಡುಕೊಂಡಿದ್ದ. ಒಳಗಿನ ಗ್ಯಾಸೇ ಒಂದು ಗಾಜಿನ ಗೋಲಿಯನ್ನು ಮೇಲಕ್ಕೆ ತಳ್ಳಿ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಜಾತ್ರೆಯಲ್ಲಿ ನಾವು ಹೆಬ್ಬೆರಳಿನಿಂದ ಒತ್ತಿ ಕುಡಿದ ಗೋಲಿಸೋಡಾ ಬಾಟಲಿ ಅದೇ. ನನಗೆ ಒತ್ತಡ ಅಂದರೆ ಏನು ಅಂತ ಮೊದಲು ಕಲಿಸಿದ್ದು ಆ ಗೋಲಿ.

ಕಂದು ಬಾಟಲಿಯೇ ಯಾಕೆ? ಹಾಪ್ಸ್‌ನ ಕಹಿ ಅಂಶಕ್ಕೆ ಬಿಸಿಲು ತಾಗಿದರೆ ಕೆಟ್ಟ ನಾತದ ಗಂಧಕದ ವಸ್ತು ಹುಟ್ಟುತ್ತದೆ. ಕಂದು ಗಾಜು ಆ ಬೆಳಕನ್ನು ಬಹುಪಾಲು ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯುವುದಿಲ್ಲ.

ಕೊನೆಯ ಅರ್ಧ ಲೀಟರನ್ನು ತಂಪುಪಾನೀಯದ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಹಿಂಡಿ ಗಾಳಿ ತೆಗೆದು ಮುಚ್ಚಿದೆ. ಗಾಜಿನೊಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ, ಪ್ಲಾಸ್ಟಿಕ್ ಹೇಳುತ್ತದೆ. ಎಲ್ಲವನ್ನೂ ಮುಚ್ಚಳ ಇರುವ ಡಬ್ಬಗಳಲ್ಲಿಟ್ಟು, 21 ಡಿಗ್ರಿ ಇರುವ ಕೋಣೆಯ ಕತ್ತಲ ಮೂಲೆಗೆ ಸೇರಿಸಿದೆವು. ನೋಡಲು ತಿಳಿಯಾಗಿದ್ದ ಆ ಬಿಯರ್‌ನ ಪ್ರತಿ ಮಿಲಿಲೀಟರಿನಲ್ಲೂ ಲಕ್ಷಗಟ್ಟಲೆ ಯೀಸ್ಟ್ ಕಣಗಳು ತೇಲುತ್ತಿರುತ್ತವೆ. ಅವು ಹೊಸ ಸಕ್ಕರೆ ತಿನ್ನುತ್ತವೆ, ತುಂಬುವಾಗ ಸೇರಿದ ಆಮ್ಲಜನಕವನ್ನೂ ಒಂದಷ್ಟು ಹೀರಿಕೊಳ್ಳುತ್ತವೆ.

ಮೂರನೇ ದಿನ ಪ್ಲಾಸ್ಟಿಕ್ ಬಾಟಲಿಯ ತಗ್ಗು ಮಾಯ. ಆರನೇ ದಿನ ಒತ್ತಿದರೆ ಸ್ವಲ್ಪ ಬಗ್ಗುತ್ತಿತ್ತು. ಹನ್ನೊಂದನೇ ದಿನ ಕಲ್ಲು. ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಅದನ್ನು ಒತ್ತಿ ನೋಡುವುದು ಇಬ್ಬರಿಗೂ ಅಭ್ಯಾಸವಾಗಿತ್ತು.

ಹದಿನಾಲ್ಕನೇ ದಿನ ನಾಲ್ಕು ಬಾಟಲಿ ಫ್ರಿಜ್‌ಗೆ ಹೋದವು. ತಣ್ಣಗಿನ ಬಿಯರ್ ಹೆಚ್ಚು ಗ್ಯಾಸ್ ಹಿಡಿದುಕೊಳ್ಳುತ್ತದೆ. ಅದೇ 2.4 ವಾಲ್ಯೂಮ್ 4 ಡಿಗ್ರಿಯಲ್ಲಿ 10 ಪಿಎಸ್‌ಐ ಆಸುಪಾಸಿಗೆ ಇಳಿಯುತ್ತದೆ. ಎರಡು ದಿನ ಬಿಟ್ಟು ಒಂದನ್ನು ತೆಗೆದೆವು. ಟುಸ್ ಅಂತ ಸಣ್ಣ ಸದ್ದು, ಕತ್ತಿನಲ್ಲಿ ಎಳೆಯಂಥ ಹೊಗೆ. ತಳದಲ್ಲಿ ಕೂತಿದ್ದ ಯೀಸ್ಟಿನ ಗಸಿ ಕದಡದ ಹಾಗೆ ಮೆಲ್ಲಗೆ ಬಗ್ಗಿಸಿ, ಕೊನೆಯ ಒಂದು ಬೆರಳು ಬಾಟಲಿಯಲ್ಲೇ ಬಿಟ್ಟೆ. ಲೋಟದಲ್ಲಿ ಸಣ್ಣ ಸಣ್ಣ ಗುಳ್ಳೆ ಸಾಲುಸಾಲಾಗಿ ಏರಿ, ಮೇಲೆ ಎರಡು ಬೆರಳು ಬೆಳ್ಳನೆ ನೊರೆ ನಿಂತಿತು. ಅವಳು ಒಂದು ಗುಟುಕು ಕುಡಿದು, ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

“ಈಗ ಬಂತು ನೋಡಿ.”